ಕುದುರೆಯ ಬೆನ್ನಿಗೆ ಕೈಚಿಕಿತ್ಸೆ: ನಂಬುವುದೆಷ್ಟು, ಕಾಯುವುದೆಷ್ಟು?

ಅಮೆರಿಕ, ಇಂಗ್ಲೆಂಡ್, ಜರ್ಮನಿಗಳ ಸವಾರಿ ಲಾಯಗಳಿಗೆ ಹೋದರೆ ಇಂಥದೊಂದು ನೋಟ ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತದೆ. ಕುದುರೆಯ ಪಕ್ಕದಲ್ಲಿ ಒಣಹುಲ್ಲಿನ ದೊಡ್ಡ ಪೆಂಡಿಯನ್ನೋ ಗಟ್ಟಿ ಪೆಟ್ಟಿಗೆಯನ್ನೋ ಇಟ್ಟು, ಅದರ ಮೇಲೆ ಹತ್ತಿ ನಿಂತ ಚಿಕಿತ್ಸಕರು ಕತ್ತಿನಿಂದ ಬಾಲದ ಬುಡದವರೆಗೆ ಬೆರಳಾಡಿಸುತ್ತಾ ಹೋಗುತ್ತಾರೆ. ಎಲ್ಲೋ ಒಂದು ಕಡೆ ಬೆರಳು ತಡೆಯುತ್ತದೆ. ಮತ್ತೆ ಒತ್ತಿ ನೋಡುತ್ತಾರೆ. ಕುದುರೆಯ ಚರ್ಮ ಅದುರುತ್ತದೆ, ಕಿವಿ ಹಿಂದಕ್ಕೆ ಹೊರಳುತ್ತದೆ. ಆಗ ಅಂಗೈಯ ಬುಡವನ್ನು ಅಲ್ಲಿಗೆ ಊರಿ, ಮೈಭಾರವನ್ನು ಕೈಗೆ ತಂದು, ಕ್ಷಣಾರ್ಧದಲ್ಲಿ ಒಂದೇ ಒಂದು ಚುರುಕಾದ ಒತ್ತು ಕೊಡುತ್ತಾರೆ. ಕೆಲವು ಕುದುರೆಗಳು ಆಮೇಲೆ ತಲೆ ತಗ್ಗಿಸಿ, ತುಟಿ ಚಪ್ಪರಿಸಿ, ಆಕಳಿಸುತ್ತವೆ. ನೋಡುತ್ತಾ ನಿಂತ ಮಾಲೀಕರ ಮುಖದಲ್ಲಿ ನಿರಾಳ ಕಾಣಿಸುತ್ತದೆ.

ಇದು ಕೈರೋಪ್ರಾಕ್ಟಿಕ್. ಮನುಷ್ಯರಿಗೆಂದು ಹುಟ್ಟಿ ಕುದುರೆಯವರೆಗೆ ಬಂದ ಕೈಚಿಕಿತ್ಸೆ. ಇದನ್ನು ಪವಾಡವೆಂದು ಹೇಳುವವರೂ ಇದ್ದಾರೆ, ಶುದ್ಧ ಮೋಸವೆಂದು ತಳ್ಳಿಹಾಕುವ ಪಶುವೈದ್ಯರೂ ಇದ್ದಾರೆ. ನನಗೆ ತಿಳಿದಮಟ್ಟಿಗೆ ಇಬ್ಬರೂ ಅವಸರಪಟ್ಟಿದ್ದಾರೆ. ಈ ಕೈಗಳಿಂದ ಕುದುರೆಗೆ ಸ್ವಲ್ಪ ಉಪಶಮನ ಸಿಗುವುದು ನಿಜ. ಆದರೆ ಅದು ಸಣ್ಣದು, ಹೆಚ್ಚು ದಿನ ಉಳಿಯುತ್ತದೆಂಬುದಕ್ಕೆ ಆಧಾರವಿಲ್ಲ. ಆ ಸಣ್ಣ ಉಪಶಮನಕ್ಕೆ ಮರುಳಾಗಿ ನೋವಿನ ಮೂಲವನ್ನೇ ಹುಡುಕದೆ ಬಿಟ್ಟರೆ ಕುದುರೆಗೆ ಆಗುವ ಹಾನಿ ದೊಡ್ಡದು.

ಕುದುರೆಯ ಬೆನ್ನಿನ ರಚನೆಯಿಂದಲೇ ಶುರುಮಾಡಬೇಕು. ಕತ್ತಿನಲ್ಲಿ 7 ಮಣಿಗಳು, ಪಕ್ಕೆಲುಬು ಹೊತ್ತ ಬೆನ್ನಿನಲ್ಲಿ 18, ಸೊಂಟದಲ್ಲಿ 6, ಅದರಾಚೆ ಒಂದಕ್ಕೊಂದು ಬೆಸೆದುಕೊಂಡ 5, ಆಮೇಲೆ ಬಾಲದ ಮಣಿಗಳು. ಇಷ್ಟುದ್ದದ ಸಾಲನ್ನು ಮೇಲ್ಗಡೆ ಗಟ್ಟಿಯಾದ ಅಸ್ಥಿರಜ್ಜು ಬಿಗಿಹಿಡಿದಿದೆ, ಕೆಳಗಡೆ ಹೊಟ್ಟೆಯ ಸ್ನಾಯುಗಳು ಎತ್ತಿಹಿಡಿದಿವೆ. ನಡುವೆ ಭಾರವಾದ ಕರುಳು, ಮೇವು, ನೀರು ತೂಗುತ್ತವೆ. ಅಂದರೆ ನಿಸರ್ಗ ಈ ಬೆನ್ನನ್ನು ರೂಪಿಸಿದ್ದು ಕೆಳಗಿನಿಂದ ಜೋತುಬಿದ್ದ ಭಾರವನ್ನು ಹೊರಲಿಕ್ಕೆ. ಮೇಲೆ ಕೂರುವ ಭಾರವನ್ನು ಸೇರಿಸಿದವರು ನಾವು. ಸವಾರ ಕೂರುವ ಜಾಗದ ಅಡಿಯಲ್ಲಿರುವ ಮಣಿಗಳಿಗೆ ಮೇಲಕ್ಕೆ ಚಾಚಿದ ಮೂಳೆಯ ಚಾಚುಗಳಿವೆ. ಬೆನ್ನು ಕೆಳಕ್ಕೆ ಕುಸಿದಾಗ ಆ ಚಾಚುಗಳು ಹತ್ತಿರ ಬಂದು ಒಂದನ್ನೊಂದು ತಾಗಿ ಉಜ್ಜುವುದುಂಟು. ಬೆನ್ನಿನ 13ರಿಂದ 18ನೇ ಮಣಿಯವರೆಗೆ ಈ ತೊಂದರೆ ಹೆಚ್ಚು. ಎಕ್ಸ್-ರೇಯಲ್ಲಿ ಹೀಗೆ ಕಂಡ ಎಲ್ಲ ಕುದುರೆಗಳಿಗೂ ನೋವಿರುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡಬೇಕು. ಚಿತ್ರ ನೋಡಿ ಗಾಬರಿಯಾಗಿ ಕುದುರೆಯನ್ನೇ ಮಾರಿಬಿಡುವವರಿದ್ದಾರೆ.

ಕುದುರೆಯ ಬೆನ್ನುನೋವನ್ನು ಪಶುವೈದ್ಯಶಾಸ್ತ್ರ ಗಂಭೀರವಾಗಿ ಎತ್ತಿಕೊಂಡದ್ದು ತೀರ ಇತ್ತೀಚೆಗೆ. ಕುಂಟುವ ಕಾಲನ್ನು ಕಣ್ಣಿನಿಂದ ಹಿಡಿಯಬಹುದು, ಬೆನ್ನಿನೊಳಗಣ ನೋವನ್ನು ಹಿಡಿಯುವುದು ಕಷ್ಟ. ಇಂಗ್ಲೆಂಡಿನ ಲಿಯೋ ಜೆಫ್‌ಕಾಟ್ 1980ರಲ್ಲಿ 443 ಕುದುರೆಗಳ ಬೆನ್ನಿನ ತೊಂದರೆಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ಸಮೀಕ್ಷೆ ಈ ಕ್ಷೇತ್ರಕ್ಕೆ ಅಡಿಪಾಯವಾಯಿತು. ವೈದ್ಯರು ನೋವಿನ ಗುಳಿಗೆ ಕೊಟ್ಟು, ವಿಶ್ರಾಂತಿ ಹೇಳಿ ಕೈತೊಳೆದುಕೊಂಡ ಕಡೆಯಲ್ಲೇ ಕೈಚಿಕಿತ್ಸಕರಿಗೆ ಜಾಗ ಸಿಕ್ಕಿತು. ಯಾರಾದರೂ ಕುದುರೆಯ ಬೆನ್ನನ್ನು ಮುಟ್ಟಿ ನೋಡಿದರಲ್ಲ ಎಂಬ ಸಮಾಧಾನವೇ ಮಾಲೀಕರಿಗೆ ದೊಡ್ಡದಾಗಿತ್ತು. ಅದನ್ನು ನಾನು ಹಗುರವಾಗಿ ಕಾಣಲಾರೆ.

ಚಿಕಿತ್ಸೆಯ ಮೂಲ ಅಮೆರಿಕದ ಅಯೋವಾ ರಾಜ್ಯದ ಡ್ಯಾವೆನ್‌ಪೋರ್ಟ್ ಊರಿನಲ್ಲಿದೆ. ಅಲ್ಲಿ ಡೇನಿಯಲ್ ಡೇವಿಡ್ ಪಾಮರ್ ಎಂಬಾತ ಕಾಂತಶಕ್ತಿಯಿಂದ ರೋಗ ವಾಸಿಮಾಡುತ್ತೇನೆಂದು ಹೇಳಿಕೊಂಡಿದ್ದವನು. 1895ರಲ್ಲಿ ಹಾರ್ವೆ ಲಿಲ್ಲಾರ್ಡ್ ಎಂಬ, ಕಟ್ಟಡ ಶುಚಿಗೊಳಿಸುವ ಕೆಲಸಗಾರನ ಬೆನ್ನನ್ನು ಒತ್ತಿ ಅವನ ಕಿವುಡುತನ ಹೋಗಲಾಡಿಸಿದೆ ಎಂದು ಸಾರಿದ. ರೋಗಗಳಲ್ಲಿ ನೂರಕ್ಕೆ ತೊಂಬತ್ತೈದರಷ್ಟು ಬೆನ್ನುಮಣಿಗಳು ಜಾಗ ತಪ್ಪಿದ್ದರಿಂದಲೇ ಬರುತ್ತವೆ ಎಂಬುದು ಅವನ ಸಿದ್ಧಾಂತ. ಪರವಾನಗಿಯಿಲ್ಲದೆ ವೈದ್ಯ ಮಾಡಿದ್ದಕ್ಕೆ 1906ರಲ್ಲಿ ಸೆರೆಮನೆಗೂ ಹೋಗಿ ಬಂದ. ಕಿವಿಗೂ ಬೆನ್ನಿಗೂ ಅಂಥ ನಂಟಿಲ್ಲವೆಂದು ಇವತ್ತು ಶಾಲೆಯ ಮಕ್ಕಳೂ ಹೇಳಬಲ್ಲರು. ಆದರೆ ಬೆನ್ನನ್ನು ಕೈಯಿಂದ ಒತ್ತಿದರೆ ಬೆನ್ನುನೋವು ತಗ್ಗಬಹುದು ಎಂಬ ಚಿಕ್ಕ ಮಾತು ಆ ದೊಡ್ಡ ಸಿದ್ಧಾಂತ ಬಿದ್ದ ಮೇಲೂ ಉಳಿದುಕೊಂಡಿತು. ಕುದುರೆಗಳಿಗೆ ಇದನ್ನು ಕ್ರಮಬದ್ಧವಾಗಿ ತಂದವರಲ್ಲಿ ಷರನ್ ವಿಲೋಬಿ ಮುಖ್ಯರು. ಅವರು ಪಶುವೈದ್ಯೆಯೂ ಹೌದು, ಕೈರೋಪ್ರಾಕ್ಟಿಕ್ ಕಲಿತವರೂ ಹೌದು. ಅಮೆರಿಕದ ಪಶು ಕೈರೋಪ್ರಾಕ್ಟಿಕ್ ಸಂಘ 1989ರಲ್ಲಿ ಶುರುವಾದಾಗ ಅದರ ಹಿಂದಿದ್ದವರು ಅವರೇ. ಆ ಸಂಘ ಪ್ರಮಾಣಪತ್ರ ಕೊಡುವುದು ಪಶುವೈದ್ಯರಿಗೆ ಇಲ್ಲವೇ ಕೈರೋಪ್ರಾಕ್ಟಿಕ್ ಪದವೀಧರರಿಗೆ ಮಾತ್ರ, ಅದೂ ಪ್ರತ್ಯೇಕ ತರಬೇತಿ ಮುಗಿಸಿದ ಮೇಲೆ. ಇಂಗ್ಲೆಂಡಿನಲ್ಲಿ ಜಾನ್ ಮೆಕ್‌ಟಿಮನಿ ಹೆಸರಿನ ಇನ್ನೊಂದು ಪರಂಪರೆ ಬೆಳೆದಿದೆ. ಅವರ ಒತ್ತು ಇನ್ನೂ ಹಗುರ.

ನಮ್ಮೂರುಗಳಲ್ಲಿ ಉಳುಕು ತೆಗೆಯುವವರನ್ನು ಕಂಡವರಿಗೆ, ನಾಟಿ ಮೂಳೆ ವೈದ್ಯರ ಮನೆಯ ಮುಂದೆ ಸಾಲುಗಟ್ಟಿದ ಜನರನ್ನು ನೋಡಿದವರಿಗೆ ಈ ಚಿಕಿತ್ಸೆಯ ಆಕರ್ಷಣೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಏನೋ ಜಾಗ ತಪ್ಪಿತ್ತು, ಕೈ ತಗುಲಿತು, ಕೂತುಕೊಂಡಿತು ಎಂಬ ವಿವರಣೆ ಮನಸ್ಸಿಗೆ ಥಟ್ಟನೆ ಹಿಡಿಸುತ್ತದೆ. ಕುದುರೆಯ ಮಟ್ಟಿಗೆ ಆ ವಿವರಣೆ ತಪ್ಪು. ಐನೂರು ಕಿಲೋ ತೂಗುವ ಪ್ರಾಣಿಯ ಬೆನ್ನುಮಣಿ ನಿಜವಾಗಿಯೂ ಜಾಗ ತಪ್ಪಿದರೆ ಬೆನ್ನುಹುರಿ ಜಜ್ಜಿಹೋಗುತ್ತದೆ. ಆ ಕುದುರೆ ಲಾಯದಲ್ಲಿ ನಿಂತು ಚಿಕಿತ್ಸಕರಿಗಾಗಿ ಕಾಯುವ ಸ್ಥಿತಿಯಲ್ಲಿರುವುದಿಲ್ಲ. ಬೆರಳಿಗೆ ಸಿಗುವುದು ಮೂಳೆಯ ಚಾಚುಗಳ ತುದಿ ಮಾತ್ರ. ಮಣಿಗಳ ನಡುವಿನ ಕೀಲುಗಳು ಅಲ್ಲಿಂದ ಎಷ್ಟೋ ಕೆಳಗೆ, ದಪ್ಪ ಸ್ನಾಯುವಿನ ಅಡಿಯಲ್ಲಿರುತ್ತವೆ. ಚಾಚಿನ ತುದಿ ಒಂದಿಷ್ಟು ಓರೆಯಾಗಿದ್ದರೆ ಅದು ಹುಟ್ಟಿನಿಂದಲೇ ಹಾಗಿರಬಹುದು, ಅದರಿಂದ ಕುದುರೆಗೆ ಏನೂ ಆಗದಿರಬಹುದು.

ಹಾಗಾದರೆ ಆ ಚುರುಕಿನ ಒತ್ತು ಮಾಡುವುದೇನು? ಕೈಯಿಂದ ಒತ್ತಿದಾಗ ಕುದುರೆಯ ಬೆನ್ನುಮಣಿಗಳು ಒಂದಿಷ್ಟು ಅಲುಗುತ್ತವೆಂದು ಅಳತೆಗಳು ತೋರಿಸಿವೆ. ಅಲುಗಿ ಮತ್ತೆ ಮೊದಲಿದ್ದಲ್ಲಿಗೇ ಬರುತ್ತವೆ. ಆ ಕ್ಷಣದ ಎಳೆತ ಕೀಲಿನ ಸುತ್ತಲಿನ, ಆಳದ ಸ್ನಾಯುಗಳೊಳಗಿನ ನರತುದಿಗಳನ್ನು ಎಚ್ಚರಿಸುತ್ತದೆ. ನೋವಿಗೆ ಹೆದರಿ ಸೆಟೆದುಕೊಂಡ ಸ್ನಾಯು ಸಡಿಲವಾಗುತ್ತದೆ. ನೋವಿನ ಸುದ್ದಿ ಬೆನ್ನುಹುರಿಯಲ್ಲಿ ಸಾಗುವ ಬಗೆ ಸ್ವಲ್ಪ ಹೊತ್ತು ಬದಲಾಗುತ್ತದೆ. ಇವತ್ತು ವಿಜ್ಞಾನ ಒಪ್ಪುವ ವಿವರಣೆ ಸುಮಾರಾಗಿ ಇಷ್ಟೇ. ಒತ್ತಿದಾಗ ಕೇಳಿಸುವ ಲಟಕ್ ಶಬ್ದಕ್ಕೆ ಮೂಳೆ ಕೂತುಕೊಂಡಿತೆಂಬ ಅರ್ಥವಿಲ್ಲ. ಬೆರಳ ನೆಟಿಗೆ ಮುರಿದಾಗ ಕೀಲಿನ ದ್ರವದಲ್ಲಿ ಅನಿಲದ ಗುಳ್ಳೆಯಂಥ ಪೊಳ್ಳು ಉಂಟಾಗುವುದನ್ನು ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 2015ರಲ್ಲಿ ಎಂಆರ್‌ಐ ಯಂತ್ರದಲ್ಲಿ ಸೆರೆಹಿಡಿದು ತೋರಿಸಿದ್ದಾರೆ.

ಈ ಕ್ಷೇತ್ರದಲ್ಲಿ ನಾನು ಹೆಚ್ಚು ಗೌರವಿಸುವ ಹೆಸರು ಕೆವಿನ್ ಹಾಸ್ಲರ್ ಅವರದು. ಅಮೆರಿಕದ ಕೊಲರಾಡೊ ರಾಜ್ಯ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಇವರು ಪಶುವೈದ್ಯ, ಕೈರೋಪ್ರಾಕ್ಟಿಕ್ ಪದವೀಧರ, ಸಂಶೋಧಕ ಮೂರೂ ಹೌದು. ತಮ್ಮ ವಿದ್ಯೆಯನ್ನೇ ಅಳತೆಗೋಲಿಗೆ ಒಡ್ಡಿದವರು. 2008ರಲ್ಲಿ ಅವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ 38 ಕುದುರೆಗಳಿದ್ದವು. ಒಂದು ಗುಂಪಿಗೆ ಕೈರೋಪ್ರಾಕ್ಟಿಕ್, ಒಂದಕ್ಕೆ ಮಾಲೀಸು, ಒಂದಕ್ಕೆ ಫಿನೈಲ್‌ಬ್ಯುಟಜೋನ್ ಎಂಬ ನೋವಿನ ಔಷಧ. ಉಳಿದವುಗಳಿಗೆ ಚಿಕಿತ್ಸೆಯಿಲ್ಲ. ಬೆನ್ನಿನ ಮೇಲೆ ಒತ್ತಡ ಅಳೆಯುವ ಉಪಕರಣ ಇಟ್ಟು, ಎಷ್ಟು ಒತ್ತಿದಾಗ ಕುದುರೆ ಕೊಸರಿಕೊಳ್ಳುತ್ತದೆ ಎಂದು ನೋಡಿದರು. ಏಳು ದಿನಗಳ ನಂತರ ಆ ತಾಳಿಕೆ ಕೈರೋಪ್ರಾಕ್ಟಿಕ್ ಪಡೆದವುಗಳಲ್ಲಿ ಶೇ. 27, ಮಾಲೀಸಿನವುಗಳಲ್ಲಿ ಶೇ. 12, ಔಷಧದವುಗಳಲ್ಲಿ ಶೇ. 8 ಏರಿತ್ತು. ಚಿಕಿತ್ಸೆಯಿಲ್ಲದವುಗಳಲ್ಲಿ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ.

ಈ ಅಂಕಿಗಳನ್ನು ಚಿಕಿತ್ಸೆ ಮಾರುವವರು ಬಹಳ ಉತ್ಸಾಹದಿಂದ ಹೇಳುತ್ತಾರೆ. ಅವರು ಹೇಳದೆ ಬಿಡುವ ಸಂಗತಿಯೊಂದಿದೆ. ಆ ಕುದುರೆಗಳಿಗೆ ನೋವಿನ ಲಕ್ಷಣವೇ ಇರಲಿಲ್ಲ. ಆರೋಗ್ಯವಾಗಿದ್ದ ಬೆನ್ನು ಇನ್ನಷ್ಟು ಒತ್ತಡ ತಾಳಿತು ಎಂಬುದಕ್ಕೂ, ನೋಯುವ ಬೆನ್ನು ವಾಸಿಯಾಯಿತು ಎಂಬುದಕ್ಕೂ ಬಹಳ ದೂರವಿದೆ. ನಿಜವಾಗಿ ಬೆನ್ನಿನ ತೊಂದರೆಯಿದ್ದ ಹತ್ತು ಕುದುರೆಗಳನ್ನು ನೆದರ್ಲೆಂಡ್ಸಿನ ಉಟ್ರೆಕ್ಟ್ ಸಂಶೋಧಕರು ಚಲಿಸುವ ಪಟ್ಟಿಯ ಮೇಲೆ ಓಡಿಸಿ, ಚಿಕಿತ್ಸೆಗೆ ಮೊದಲೂ ಆಮೇಲೂ ಅಳೆದದ್ದು ಅದೇ ವರ್ಷ. ಬೆನ್ನಿನ ಬಾಗು ತುಸು ಸುಧಾರಿಸಿತ್ತು, ಸೊಂಟದ ಎರಡು ಬದಿಗಳ ಚಲನೆ ಹೆಚ್ಚು ಸಮವಾಗಿತ್ತು. ಬದಲಾವಣೆ ಕಿರಿದೆಂದೂ, ದೊಡ್ಡ ಸಂಖ್ಯೆಯಲ್ಲಿ ಹೆಚ್ಚು ಕಾಲದ ಪರೀಕ್ಷೆ ಬೇಕೆಂದೂ ಅವರೇ ಬರೆದರು. ಮುಂದೆ 2021ರಲ್ಲಿ ಹಾಸ್ಲರ್ ಮತ್ತು ಸಂಗಡಿಗರು ಇಂಥ ಅಧ್ಯಯನಗಳನ್ನೆಲ್ಲ ಸೇರಿಸಿ ತೂಗಿ ನೋಡಿದಾಗ, ಫಲಿತಾಂಶಗಳು ಒಂದೊಂದು ಕಡೆ ಒಂದೊಂದು ರೀತಿ, ಗಟ್ಟಿ ತೀರ್ಮಾನಕ್ಕೆ ಸಾಲದು ಎಂದೇ ಹೇಳಬೇಕಾಯಿತು. ಈ ವಿದ್ಯೆಯನ್ನು ಪ್ರೀತಿಸುವವರೊಬ್ಬರು ಇಷ್ಟು ನೇರವಾಗಿ ಒಪ್ಪಿಕೊಂಡಿದ್ದಾರೆ, ಆದ್ದರಿಂದಲೇ ಅವರ ಮಾತಿಗೆ ಬೆಲೆ.

ಕುದುರೆಗೆ ತನಗೆ ಚಿಕಿತ್ಸೆ ಆಗುತ್ತಿದೆಯೆಂಬುದೇ ತಿಳಿಯದು, ಆದ್ದರಿಂದ ಸುಧಾರಿಸಿದ್ದೆಲ್ಲ ನಿಜವೇ ಎಂದು ವಾದಿಸುವವರಿದ್ದಾರೆ. ಆದರೆ ಸುಧಾರಿಸಿತೋ ಇಲ್ಲವೋ ಎಂದು ಹೇಳುವವರು ಹಣ ಕೊಟ್ಟ ಮಾಲೀಕರು, ಆಸೆಯಿಟ್ಟು ನೋಡುವ ಸವಾರರು. ಚಿಕಿತ್ಸೆಯ ಮರುದಿನ ಕುದುರೆಗೆ ವಿಶ್ರಾಂತಿ ಸಿಗುತ್ತದೆ, ಅದರ ಫಲವೂ ಕೈಯ ಲೆಕ್ಕಕ್ಕೇ ಸೇರುತ್ತದೆ.

ಇಷ್ಟು ಹೊತ್ತು ಹೇಳಿದ್ದಕ್ಕಿಂತ ಮುಖ್ಯವಾದ ವಿಷಯಕ್ಕೆ ಈಗ ಬರುತ್ತೇನೆ. ಬೆನ್ನುನೋವು ಎಷ್ಟೋ ಕುದುರೆಗಳಲ್ಲಿ ಬೆನ್ನಿನಲ್ಲಿ ಹುಟ್ಟಿದ್ದೇ ಆಗಿರುವುದಿಲ್ಲ. ಹಿಂಗಾಲಿನಲ್ಲಿ ಸಣ್ಣ ನೋವಿದ್ದರೆ ಕುದುರೆ ಅದನ್ನು ಮುಚ್ಚಿಟ್ಟುಕೊಳ್ಳಲು ಬೆನ್ನನ್ನು ಬಿಗಿಹಿಡಿದು ಓಡುತ್ತದೆ. ಕುಂಟು ಕಣ್ಣಿಗೆ ಕಾಣದು, ಬೆನ್ನಿನ ಬಿಗಿತ ಕೈಗೆ ಸಿಗುತ್ತದೆ. ಇಂಗ್ಲೆಂಡಿನ ನ್ಯೂಮಾರ್ಕೆಟ್‌ನಲ್ಲಿ ದೀರ್ಘಕಾಲ ಕೆಲಸ ಮಾಡಿದ ಪಶುವೈದ್ಯೆ ಸೂ ಡೈಸನ್ ಮತ್ತು ಸಹೋದ್ಯೋಗಿ ಲಿನ್ ಗ್ರೀವ್ ಇದರ ಬಗ್ಗೆ ಮಾಡಿದ ಕೆಲಸ ಕಣ್ಣು ತೆರೆಸುವಂಥದು. ಸವಾರಿಯಲ್ಲಿ ಜೀನು ಪದೇಪದೇ ಒಂದೇ ಬದಿಗೆ ಜಾರುತ್ತಿದ್ದರೆ ಜೀನು ಸರಿಯಿಲ್ಲವೆಂದೋ ಸವಾರ ಓರೆ ಕೂರುತ್ತಾನೆಂದೋ ಎಲ್ಲರೂ ತಿಳಿಯುತ್ತಿದ್ದರು. ನೋಯುವ ಹಿಂಗಾಲಿಗೆ ಮರಗಟ್ಟುವ ಮದ್ದು ಚುಚ್ಚಿ ಮತ್ತೆ ಅದೇ ಸವಾರ, ಅದೇ ಜೀನಿನಲ್ಲಿ ಓಡಿಸಿ ನೋಡಿದಾಗ ಬಹುಪಾಲು ಕುದುರೆಗಳಲ್ಲಿ ಜೀನು ಜಾರುವುದು ನಿಂತುಹೋಯಿತು. ಇಂಥ ಕುದುರೆಯ ಬೆನ್ನನ್ನು ತಿಂಗಳಿಗೊಮ್ಮೆ ಒತ್ತಿಸುತ್ತಾ ಹೋದರೆ ಪ್ರತಿ ಸಲ ಎರಡು ದಿನ ಹಾಯೆನಿಸಬಹುದು. ಕಾಲಿನ ಕೀಲು ಮಾತ್ರ ಒಳಗೊಳಗೇ ಸವೆಯುತ್ತಿರುತ್ತದೆ.

ಜೀನಿನ ವಿಷಯವನ್ನೂ ಬಿಡುವಂತಿಲ್ಲ. ಕುದುರೆಯ ಬೆನ್ನಿನ ಆಕಾರ ಒಂದೇ ರೀತಿ ಇರುವುದಿಲ್ಲ. ತರಬೇತಿ ಹೆಚ್ಚಿದರೆ ಸ್ನಾಯು ತುಂಬಿಕೊಳ್ಳುತ್ತದೆ, ಮೇವು ಕಡಿಮೆಯಾದರೆ, ವಯಸ್ಸಾದರೆ ಇಳಿಯುತ್ತದೆ. ಹೋದ ವರ್ಷ ಹೊಂದುತ್ತಿದ್ದ ಜೀನು ಈ ವರ್ಷ ಎರಡು ಕಡೆ ಮಾತ್ರ ಊರಿ ಚುಚ್ಚುತ್ತಿರಬಹುದು. ಜೀನು ಬಿಚ್ಚಿದ ಮೇಲೆ ಬೆವರಿನ ಗುರುತು ನೋಡಿ. ಸುತ್ತ ಒದ್ದೆಯಾಗಿದ್ದು ನಡುವೆ ಒಣಗಿದ ತೇಪೆಯಿದ್ದರೆ ಅಲ್ಲಿ ವಿಪರೀತ ಒತ್ತಡ ಬಿದ್ದಿರಬಹುದು. ಹೆಗಲಿನ ಹಿಂದೆ ಬಿಳಿಗೂದಲು ಮೂಡಿದ್ದರೆ ಅದು ಹಳೆಯ ಗಾಯದ ಕುರುಹು. ಇನ್ನು ಭಾರ. ಅಮೆರಿಕದಲ್ಲಿ ಎಂಟು ಕುದುರೆಗಳ ಮೇಲೆ ಬೇರೆಬೇರೆ ಭಾರ ಹೇರಿ ನೋಡಿದ ಅಧ್ಯಯನವೊಂದು 2008ರಲ್ಲಿ ಬಂತು. ಹೊರೆ ಕುದುರೆಯ ತೂಕದ ಕಾಲು ಭಾಗ ಮುಟ್ಟಿದಾಗ, ಅದನ್ನು ಮೀರಿದಾಗ ಎದೆಬಡಿತವೂ ಸ್ನಾಯುನೋವೂ ಎದ್ದುಕಾಣುವಂತೆ ಹೆಚ್ಚಿದವು. ನಮ್ಮ ದೇಶದ 1965ರ ಹೊರೆಪ್ರಾಣಿಗಳ ನಿಯಮ ತಟ್ಟುವಿನ ಬೆನ್ನಿನ ಮೇಲೆ 70 ಕಿಲೋಗಿಂತ ಹೆಚ್ಚು ಹೇರಬಾರದೆನ್ನುತ್ತದೆ. ಪ್ರವಾಸಿ ತಾಣಗಳಲ್ಲಿ ದಢೂತಿ ಆಳುಗಳನ್ನು ಹೊತ್ತು ಏದುಸಿರು ಬಿಡುವ ತಟ್ಟುಗಳನ್ನು ಕಂಡಾಗಲೆಲ್ಲ ಈ ಅಂಕಿ ನೆನಪಾಗಿ ಹೊಟ್ಟೆ ಉರಿಯುತ್ತದೆ. ಆ ಬೆನ್ನುಗಳಿಗೆ ಬೇಕಾದದ್ದು ಹೊರೆ ಇಳಿಸುವ ಕೈ.

ಕುದುರೆ ನೋವನ್ನು ಹೇಳುವುದೇ ಇಲ್ಲವೆನ್ನುವುದು ಸರಿಯಲ್ಲ. ಸೂ ಡೈಸನ್ ಅವರ ತಂಡ 2018ರಲ್ಲಿ ಸವಾರಿಯ ಹೊತ್ತಿನಲ್ಲಿ ಕಾಣುವ 24 ವರ್ತನೆಗಳ ಪಟ್ಟಿ ಮಾಡಿತು. ಕಿವಿಗಳನ್ನು ಹಿಂದಕ್ಕೊತ್ತಿ ಹಿಡಿಯುವುದು, ಬಾಲ ಬಡಿಯುವುದು, ಕಡಿವಾಣದೆದುರು ಬಾಯಿ ಬಿಡುವುದು, ನಾಲಿಗೆ ಹೊರಚಾಚುವುದು, ದಿಟ್ಟಿಸುವ ನೋಟ, ಮುಂದೆ ಹೋಗಲು ಒಲ್ಲೆನ್ನುವುದು ಇವೆಲ್ಲ ಅದರಲ್ಲಿವೆ. ಎಂಟು ಅಥವಾ ಹೆಚ್ಚು ವರ್ತನೆಗಳು ಒಟ್ಟಿಗೆ ಕಂಡರೆ ಮೂಳೆ, ಸ್ನಾಯು, ಕೀಲುಗಳಲ್ಲೆಲ್ಲೋ ನೋವಿರುವ ಸಾಧ್ಯತೆ ಬಲವಾಗುತ್ತದೆ. ಮೊಂಡು, ತುಂಟ, ಸೋಮಾರಿ ಎಂದು ಚಾಟಿಯೇಟು ತಿಂದ ಎಷ್ಟೋ ಕುದುರೆಗಳು ನೋವಿನಲ್ಲಿದ್ದವು ಎಂಬುದನ್ನು ಈ ಪಟ್ಟಿ ಓದಿದ ಮೇಲೆ ಒಪ್ಪಲೇಬೇಕಾಗುತ್ತದೆ.

ಕೈಚಿಕಿತ್ಸೆ ನೇರವಾಗಿ ಅಪಾಯವಾಗುವ ಸಂದರ್ಭಗಳೂ ಇವೆ. ಕ್ಯಾಲಿಫೋರ್ನಿಯಾದಲ್ಲಿ ಸತ್ತ 36 ಥರೋಬ್ರೆಡ್ ರೇಸ್ ಕುದುರೆಗಳ ಬೆನ್ನು-ಸೊಂಟದ ಮೂಳೆಗಳನ್ನು ಹಾಸ್ಲರ್ ಮತ್ತು ಸೂಸನ್ ಸ್ಟೋವರ್ ಪರೀಕ್ಷಿಸಿ 1998ರಲ್ಲಿ ವರದಿ ಮಾಡಿದರು. ಸುಮಾರು ಅರ್ಧದಷ್ಟು ಕುದುರೆಗಳ ಬೆನ್ನುಮಣಿಗಳಲ್ಲಿ ಪದೇಪದೇ ಬಿದ್ದ ಒತ್ತಡದಿಂದಾದ ಸೂಕ್ಷ್ಮ ಬಿರುಕುಗಳಿದ್ದವು. ಎಳೆಯ ವಯಸ್ಸಿನಲ್ಲಿ ನಾಗಾಲೋಟಕ್ಕೆ ಬಿದ್ದ ಪ್ರಾಣಿಗಳ ಮೂಳೆ ಹೀಗಿರುತ್ತದೆ. ಅಂಥ ಬಿರುಕಿನ ಮೇಲೆ ಗೊತ್ತಿಲ್ಲದೆ ಒಂದು ಜೋರಾದ ಒತ್ತು ಬಿದ್ದರೆ ಏನಾದೀತೆಂದು ಊಹಿಸಬಹುದು. ಕತ್ತಿನ ಮಣಿಗಳೊಳಗೆ ಬೆನ್ನುಹುರಿ ಇರುಕಿಕೊಂಡು ತೂರಾಡುತ್ತಾ ನಡೆಯುವ ಕುದುರೆಯ ಕತ್ತನ್ನು ಯಾರೂ ತಿರುಚಬಾರದು. ಸೋಂಕು, ಹೊಸ ಪೆಟ್ಟು, ಊದಿಕೊಂಡ ಕೀಲುಗಳಿಗೂ ಅದೇ ಮಾತು. ಮರದ ಸುತ್ತಿಗೆಯಿಂದ ಬೆನ್ನು ತಟ್ಟುವವರು, ಕಾಲನ್ನೇ ಸನ್ನೆಯಂತೆ ಎಳೆದು ಸೊಂಟ ಸರಿಮಾಡುತ್ತೇವೆನ್ನುವವರು ಪಾಶ್ಚಾತ್ಯ ದೇಶಗಳಲ್ಲೂ ಇದ್ದಾರೆ. ಅವರನ್ನು ಕುದುರೆಯ ಹತ್ತಿರ ಬಿಡಲೇಬಾರದು.

ಇಷ್ಟಾದರೂ ಬೇಡಿಕೆ ಏಕೆ ಬೆಳೆಯುತ್ತಿದೆ? ಸ್ಪರ್ಧೆಯ ನಿಯಮಗಳು ಒಂದು ದೊಡ್ಡ ಕಾರಣವೆಂದು ನನ್ನ ಲೆಕ್ಕ. ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟದ ಕೂಟಗಳಲ್ಲಿ ಫಿನೈಲ್‌ಬ್ಯುಟಜೋನ್‌ನಂಥ ನೋವಿನ ಔಷಧ ಮೈಯಲ್ಲಿರುವಾಗ ಕುದುರೆ ಅಂಗಳಕ್ಕಿಳಿಯುವಂತಿಲ್ಲ. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದು, ಟೋಕಿಯೊ ಒಲಿಂಪಿಕ್ಸಿನಲ್ಲೂ ಸ್ಪರ್ಧಿಸಿದ ಬೆಂಗಳೂರಿನ ಫವಾದ್ ಮಿರ್ಜಾ ಅವರಂಥ ಸವಾರರೆಲ್ಲರಿಗೂ ಇದೇ ನಿಯಮ. ಕೈಯ ಒತ್ತು ರಕ್ತದಲ್ಲಿ ಗುರುತು ಬಿಡುವುದಿಲ್ಲ. ಒಕ್ಕೂಟವೂ ನೋಂದಾಯಿತ ಚಿಕಿತ್ಸಕರಿಗೆ ಲಾಯದೊಳಗೆ ಅನುಮತಿ ಕೊಡುತ್ತದೆ.

ಒತ್ತಿಗಿಂತ ಹೆಚ್ಚು ಭರವಸೆ ಹುಟ್ಟಿಸುವ ಇನ್ನೊಂದು ದಾರಿಗೆ ಖರ್ಚೇ ಇಲ್ಲ. ಬೆನ್ನುಮಣಿಗಳಿಗೆ ಅಂಟಿಕೊಂಡೇ ಇರುವ ಆಳದ ಸ್ನಾಯುವೊಂದು ನೋವಿದ್ದ ಕಡೆ ಬತ್ತುತ್ತದೆ, ನೋವು ಹೋದರೂ ತಾನಾಗಿ ತುಂಬಿಕೊಳ್ಳುವುದಿಲ್ಲ. ಮಿಷಿಗನ್ ರಾಜ್ಯ ವಿಶ್ವವಿದ್ಯಾಲಯದ ಹಿಲರಿ ಕ್ಲೇಟನ್, ನರೆಲ್ ಸ್ಟಬ್ಸ್ ಮತ್ತು ಜೊತೆಗಾರರು ಎಂಟು ಕುದುರೆಗಳಿಗೆ ಮೂರು ತಿಂಗಳು, ವಾರಕ್ಕೆ ಐದು ದಿನ, ಗಜ್ಜರಿಯ ತುಂಡಿನ ಆಸೆ ತೋರಿಸಿ ಕತ್ತು ಬಾಗಿಸುವ ವ್ಯಾಯಾಮ ಮಾಡಿಸಿದರು. ಗಲ್ಲ ಎದೆಗೆ, ಮಂಡಿಗಳ ನಡುವೆ, ಗೊರಸಿನ ಹತ್ತಿರ, ಆಮೇಲೆ ಎಡಬಲ ಪಕ್ಕೆಗಳತ್ತ. ಅಲ್ಟ್ರಾಸೌಂಡಿನಲ್ಲಿ ಅಳೆದಾಗ ಆ ಸ್ನಾಯು ದಪ್ಪವಾಗಿತ್ತು. 2011ರ ಈ ಅಧ್ಯಯನ ಚಿಕ್ಕದೇ. ಆದರೂ ವೈದ್ಯರು ಒಪ್ಪಿದ ಮೇಲೆ ಕುದುರೆ ನೋಡಿಕೊಳ್ಳುವ ಸೈಸ್ ಕೂಡ ಕಲಿತು ದಿನಾ ಮಾಡಿಸಬಹುದಾದ ಕೆಲಸವಿದು, ಕುದುರೆಗೂ ಇಷ್ಟ.

ಕೈಚಿಕಿತ್ಸೆಯ ಬಗ್ಗೆ ಕಾನೂನು ಒಂದೊಂದು ಕಡೆ ಒಂದೊಂದು ರೀತಿ. ಬ್ರಿಟನ್ನಿನಲ್ಲಿ 2015ರ ಆದೇಶದಂತೆ ಪಶುವೈದ್ಯರು ಕುದುರೆಯನ್ನು ನೋಡಿ ಸೂಚಿಸಿದ ಮೇಲಷ್ಟೇ ಇಂಥ ಚಿಕಿತ್ಸೆ ಕೊಡಬಹುದು. ಅಮೆರಿಕದಲ್ಲಿ ರಾಜ್ಯಕ್ಕೊಂದು ನಿಯಮ. ಭಾರತದಲ್ಲಿ 1984ರ ಭಾರತೀಯ ಪಶುವೈದ್ಯ ಪರಿಷತ್ ಕಾಯ್ದೆಯಂತೆ ಪಶುವೈದ್ಯ ವೃತ್ತಿಯ ಹಕ್ಕು ನೋಂದಾಯಿತ ಪಶುವೈದ್ಯರದು. ಟಿಪ್ಪು ಕಾಲದಿಂದ ಕುದುರೆ ಸಾಕಿದ ಕುಣಿಗಲ್, ಬೆಂಗಳೂರು-ಮೈಸೂರುಗಳ ರೇಸ್‌ಕೋರ್ಸುಗಳು, ದಸರೆಯಲ್ಲಿ ಸಾಗುವ ಅಶ್ವಾರೋಹಿ ದಳ, ಮೈಸೂರಿನ ಟಾಂಗಾಗಳು, ಈಚೆಗೆ ಹೆಚ್ಚುತ್ತಿರುವ ಸವಾರಿ ಶಾಲೆಗಳು ಹೀಗೆ ನಮ್ಮ ನಾಡಿನಲ್ಲೂ ದುಡಿಯುವ ಬೆನ್ನುಗಳು ಬೇಕಾದಷ್ಟಿವೆ. ಮನುಷ್ಯರ ಕೈರೋಪ್ರಾಕ್ಟಿಕ್ ವೀಡಿಯೊಗಳು ಮೊಬೈಲಿನಲ್ಲಿ ಹರಿದಾಡುತ್ತಿರುವಾಗ ಕುದುರೆಯ ಬೆನ್ನಿಗೂ ಕೈಹಾಕುವವರು ಇಲ್ಲಿ ಹುಟ್ಟಿಕೊಳ್ಳದೇ ಇರಲಾರರು.

ಕುದುರೆ ಸಾಕುವವರಲ್ಲಿ ನನ್ನ ಕೋರಿಕೆ ಇಷ್ಟು. ಕುದುರೆ ಜೀನು ಕಂಡರೆ ಹಿಂಜರಿದಾಗ, ಹೊಟ್ಟೆಪಟ್ಟಿ ಬಿಗಿಯುವಾಗ ಕಚ್ಚಲು ಬಂದಾಗ, ಒಂದೇ ಬದಿಗೆ ತಿರುಗಲು ಒಲ್ಲೆಂದಾಗ ಮೊದಲು ಪಶುವೈದ್ಯರನ್ನು ಕರೆಸಿ. ಸಮತಟ್ಟು ನೆಲದಲ್ಲಿ ನಡೆಸಿ, ಓಡಿಸಿ, ಕುಂಟು ಇದೆಯೇ ನೋಡಿಸಿ. ಗೊರಸು, ಲಾಳ, ಹಲ್ಲು, ಜೀನು ಒಂದೊಂದನ್ನೂ ಪರೀಕ್ಷಿಸಿ. ಅನುಮಾನ ಉಳಿದರೆ ಎಕ್ಸ್-ರೇ, ಅಲ್ಟ್ರಾಸೌಂಡಿಗಾಗಿ ಹೆಬ್ಬಾಳದ ಪಶುವೈದ್ಯ ಕಾಲೇಜಿನಂಥ ಬೋಧನಾ ಆಸ್ಪತ್ರೆಯನ್ನು ಕೇಳಿ. ಅಷ್ಟಾದ ಮೇಲೆ, ತರಬೇತಿ ಪಡೆದ ಪಶುವೈದ್ಯರೊಬ್ಬರು ಕೈಚಿಕಿತ್ಸೆ ಮಾಡುತ್ತೇನೆಂದರೆ ಮಾಡಿಸಬಹುದು. ಮೂರು ಸಲ ಮಾಡಿಸಿದರೂ ಅದೇ ಜಾಗ ಅದೇ ರೀತಿ ಬಿಗಿಯುತ್ತಿದ್ದರೆ ನಾಲ್ಕನೆಯ ಸಲಕ್ಕೆ ಹಣ ಕೊಡಬೇಡಿ, ತಪಾಸಣೆಯನ್ನು ಮೊದಲಿನಿಂದ ಮಾಡಿಸಿ.